ರಾಣಿಗಾಗಿ ಅತ್ತವರು

ಅಳುವವರನ್ನು ಕಂಡರೆ ನನಗೆ ಮೊದಲು ಬರುವುದು ಕನಿಕರವಲ್ಲ, ಅನುಮಾನ. ಇದು ಹುಟ್ಟುಗುಣವೋ ಕೆಲಸ ಕಲಿಸಿದ್ದೋ ಹೇಳಲಾರೆ. ಆಕ್ಲೆಂಡಿನ ಒಂದು ವಿಮಾ ಕಂಪನಿಯಲ್ಲಿ ಜನ ಹೇಳುವ ನಷ್ಟದ ಕಥೆಗಳನ್ನು ಕೇಳಿ, ಇದು ನಿಜವೋ ಸುಳ್ಳೋ ಎಂದು ತೂಗುವುದು ನನ್ನ ಹೊಟ್ಟೆಪಾಡು. ಕಳುವಾದ ಕ್ಯಾಮೆರಾ, ಮಳೆನೀರಿಗೆ ಮುಳುಗಿದ ಗ್ಯಾರೇಜು, ಬೆಂಕಿಗೆ ಸಿಕ್ಕ ಮನೆ, ಎಲ್ಲವೂ ಫೋನಿನಲ್ಲಿ ನನ್ನ ಕಿವಿಗೇ ಬರುತ್ತವೆ. ಕೇಳಿ ಕೇಳಿ ಒಂದು ವಿಷಯ ನನಗೆ ಗೊತ್ತಾಗಿದೆ. ಸುಳ್ಳು ಹೇಳುವವರ ಕಥೆಗೆ ತಲೆ, ನಡು, ಬಾಲ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ನಿಜವಾಗಿ ಕಳೆದುಕೊಂಡವರು ಸಂಬಂಧವೇ ಇಲ್ಲದ ಏನನ್ನೋ ಹಿಡಿದುಕೊಂಡು ಕೂತಿರುತ್ತಾರೆ. ಮನೆ ಸುಟ್ಟುಹೋದ ಒಬ್ಬ ಮುದುಕ ನನ್ನೊಡನೆ ಬಹಳ ಹೊತ್ತು ಮಾತಾಡಿದ್ದು ತನ್ನ ಕೆಟಲ್ಲಿನ ಮುಚ್ಚಳದ ಬಗ್ಗೆ. ಆ ಮುಚ್ಚಳವೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಅವನನ್ನು ನಾನು ಒಂದು ಮಾತೂ ಹೆಚ್ಚಿಗೆ ಕೇಳದೆ ನಂಬಿದೆ.

ಇಂಥ ನನ್ನ ಮನೆಯ ಗ್ಯಾರೇಜಿನಲ್ಲೇ ಒಂದು ದುಃಖದ ನಾಟಕದ ತಾಲೀಮು ಶುರುವಾಯಿತು.

ನನ್ನ ಗಂಡನಿಗೆ ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ವಿನ್ಯಾಸದ ಕೆಲಸ. ವಾರವಿಡೀ ಕಬ್ಬಿಣದ ಜೊತೆ ಇರುವ ಮನುಷ್ಯ, ನವೆಂಬರ್ ಹತ್ತಿರ ಬಂದರೆ ಸಾಕು, ಬಣ್ಣ ಹಚ್ಚಿಕೊಳ್ಳಲು ತುದಿಗಾಲಲ್ಲಿ ನಿಲ್ಲುತ್ತಾನೆ. ಕನ್ನಡದವರೆಲ್ಲ ಸೇರುವ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಪ್ರತಿವರ್ಷ ಒಂದು ನಾಟಕವಿರುತ್ತದೆ. ಸಾಮಾನ್ಯವಾಗಿ ಅತ್ತೆ ಸೊಸೆ ಜಗಳದ್ದು, ಇಲ್ಲವೇ ಊರಿನಿಂದ ಬಂದ ಮಾವ ಸೂಪರ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವುದು. ಜನ ನಕ್ಕು, ಊಟ ಮಾಡಿ, ಮಿಕ್ಕ ಅನ್ನವನ್ನು ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿಕೊಂಡು ಮನೆಗೆ ಹೋಗುತ್ತಾರೆ. ನನಗೂ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ಆ ವರ್ಷ ನಿರ್ದೇಶನಕ್ಕೆ ಒಬ್ಬ ಮೇಷ್ಟ್ರು ಸಿಕ್ಕರು. ಧಾರವಾಡದ ಕಡೆಯವರು. ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಸಂಜೆ ನಾಟಕ ಆಡಿಸಿಕೊಂಡು ಬದುಕಿದವರು. ನಿವೃತ್ತಿಯಾದ ಮೇಲೆ ಊರಾಚೆಯ ಪುಕೆಕೊಹೆಯಲ್ಲಿರುವ ಮಗಳ ಮನೆಗೆ ಬಂದು, ಹಿತ್ತಲಲ್ಲಿ ಮೆಂತ್ಯ, ಪುಂಡಿಪಲ್ಯ ಬೆಳೆಸಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ನನ್ನ ಗಂಡ ಅವರನ್ನು ಕಾರಿನಲ್ಲಿ ಕರೆತರುತ್ತಿದ್ದ. ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಒಂದು ಮೂಲೆಗೆ ತಳ್ಳಿ, ಹಳೆಯ ಕಾರ್ಪೆಟ್ ಹಾಸಿ, ಮೇಷ್ಟ್ರು ಮೊದಲ ದಿನವೇ ಹೇಳಿಬಿಟ್ಟರು.

"ಈ ಸಲ ನಗಸೂದು ಬ್ಯಾಡ. ಗ್ರೀಕರ ನಮೂನಿ ಒಂದು ದುಃಖದ ನಾಟಕ ಮಾಡೋಣು. ಕಥಿ ನಮ್ಮದs, ರೀತಿ ಅವರದು."

ಚಹಾ ಕೊಡಲು ಹೋದ ನಾನು ಅಲ್ಲೇ ನಿಂತೆ. ಮೇಷ್ಟ್ರು ವಿವರಿಸತೊಡಗಿದರು. ಗ್ರೀಕರ ಊರಲ್ಲಿ ನಾಟಕವೆಂದರೆ ಹಬ್ಬ, ಇಡೀ ಊರೇ ಬೆಟ್ಟದ ಇಳಿಜಾರಿನಲ್ಲಿ ಹಗಲಿಡೀ ಕೂತು ನೋಡುತ್ತಿತ್ತು. ಒಳ್ಳೆಯ ದುಃಖದ ನಾಟಕ ನೋಡಿದವರಿಗೆ ಎರಡು ಆಗಬೇಕು ಎಂದು ಅಲ್ಲಿನ ಒಬ್ಬ ದೊಡ್ಡ ತತ್ವಜ್ಞಾನಿ ಹೇಳಿದ್ದಾನೆ: ಪಾತ್ರದ ಮೇಲೆ ಕನಿಕರ, ನಮಗೂ ಹೀಗಾದೀತು ಎಂಬ ಭಯ. ಎರಡೂ ಉಕ್ಕಿ ಹರಿದು, ಕೊನೆಗೆ ಮನಸ್ಸು ತೊಳೆದಂತಾಗಬೇಕು. ಕಥೆಗೆ ಆದಿ, ಮಧ್ಯ, ಅಂತ್ಯ ಸರಿಯಾಗಿ ಕೂಡಿಕೊಂಡಿರಬೇಕೆಂದು ಹೇಳಿದವನೂ ಅವನೇ. ನಮ್ಮ ಆಫೀಸಿನಲ್ಲಿ ಅಂಥ ಕಥೆಯನ್ನೇ ಅಲ್ಲವೇ ನಾವು ಕೆಂಪು ಗುರುತು ಹಾಕಿ ಪಕ್ಕಕ್ಕಿಡುವುದು ಎಂದುಕೊಂಡೆ.

"ಅಂದ್ರೆ ನಮ್ಮಜ್ಜಿ ಹರಳೆಣ್ಣೆ ಕುಡಿಸ್ತಿದ್ದ ಹಾಗೆ ಅನ್ನಿ ಮೇಷ್ಟ್ರೇ. ಮೂಗು ಹಿಡಿದು ಕುಡಿಸೋದು, ಆಮೇಲೆ ಒಳಗಿರೋದೆಲ್ಲ ಹೊರಗೆ," ಎಂದೆ.

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ, ಖುಷಿಪಟ್ಟರು.

"ಬರೋಬ್ಬರಿ ಹೇಳಿದಿ ತಂಗಿ. ಅವ ಬಳಸಿದ ಶಬ್ದಾನೂ ವೈದ್ಯರ ಕಡಿಂದ ಬಂದದ್ದು ಅಂತ ಕೆಲವ್ರು ಹೇಳ್ತಾರ."

ಆ ತತ್ವಜ್ಞಾನಿಗೆ ಒಬ್ಬ ಗುರುವಿದ್ದನಂತೆ. ಅವನ ವಿಚಾರವೇ ಬೇರೆ. ನಾಟಕದಲ್ಲಿ ಪರರ ದುಃಖಕ್ಕೆ ಅತ್ತು ರುಚಿ ಹತ್ತಿದವರು ತಮ್ಮ ಮನೆಗೇ ದುಃಖ ಬಂದಾಗ ಗಟ್ಟಿಯಾಗಿ ನಿಲ್ಲಲಾರರು, ಇಂಥದ್ದನ್ನು ಬರೆಯುವವರನ್ನು ಊರ ಹೊರಗೆ ಕಳಿಸುವುದೇ ಕ್ಷೇಮ ಎಂದವನು. ನನಗೆ ಆ ಗುರುವೇ ಹಿಡಿಸಿದ. ನಮ್ಮ ಕಂಪನಿಗೆ ಅರ್ಜಿ ಹಾಕಿದರೆ ಮರುಮಾತಿಲ್ಲದೆ ಕೆಲಸ ಕೊಡಿಸಬಹುದಾದಂಥ ಮನುಷ್ಯ.

ಮೇಷ್ಟ್ರು ಮತ್ತೊಂದು ಸಂಗತಿ ಹೇಳಿದರು. ಅದಕ್ಕೂ ಹಿಂದಿನ ಕಾಲದ ಒಬ್ಬ ಕವಿ, ತನ್ನ ಊರವರ ನಂಟರೇ ಇದ್ದ ಪಟ್ಟಣವೊಂದು ಶತ್ರುಗಳ ಕೈಗೆ ಸಿಕ್ಕಿ ಹಾಳಾದದ್ದನ್ನು ನಾಟಕ ಮಾಡಿದನಂತೆ. ಇಡೀ ಸಭೆ ಬಿಕ್ಕಿ ಬಿಕ್ಕಿ ಅತ್ತಿತು. ಅತ್ತವರೇ ಆಮೇಲೆ ಸೇರಿ ಅವನಿಗೆ ದಂಡ ಹಾಕಿದರು, ನಮ್ಮ ಮನೆಯ ಸಂಕಟವನ್ನು ನಮಗೇ ನೆನಪು ಮಾಡಿಕೊಟ್ಟೆ ಎಂದು. ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಎಂದೂ ಕಟ್ಟಪ್ಪಣೆ ಮಾಡಿದರು.

"ಅದಕ್ಕs ನೋಡ್, ರಾಜಾ ಬೇಕು, ರಾಣಿ ಬೇಕು. ದೂರದವ್ರ ಹೆಸರಿನ್ಯಾಗ ಹೇಳಿದ್ರ ಜನ ತಡ್ಕೋತಾರ," ಎಂದರು.

ನಾಟಕದ ಕಥೆ ಇಷ್ಟು. ಒಂದು ದ್ವೀಪ, ಅದಕ್ಕೊಬ್ಬಳು ರಾಣಿ. ಅವಳಿಗೆ ಒಬ್ಬನೇ ಮಗ. ಮಗ ಕಡಲಿಗೆ ಹೋಗುತ್ತಾನೆ, ಬರುವುದಿಲ್ಲ. ಸಾವು ರಂಗದ ಮೇಲೆ ಕಾಣುವುದಿಲ್ಲ. ಗ್ರೀಕರು ಅದನ್ನು ತೋರಿಸುತ್ತಿರಲಿಲ್ಲವಂತೆ. ಒಬ್ಬ ದೂತ ಬಂದು ನಡೆದದ್ದನ್ನು ಹೇಳುತ್ತಾನೆ, ಸುತ್ತ ನಿಂತ ಮೇಳದವರು ಕೇಳಿ ಮಾತಾಡುತ್ತಾರೆ. ದೂತನ ಪಾತ್ರ ನನ್ನ ಗಂಡನದು. ರಾಣಿಯಾಗಿ ಒಬ್ಬ ಡಾಕ್ಟರ್ ಹುಡುಗಿ. ಅವಳಿಗೆ ಆಸ್ಪತ್ರೆಯ ಪಾಳಿ ಇದ್ದುದರಿಂದ ಮೇಷ್ಟ್ರು ಅವಳ ಭಾಗವನ್ನು ಪುಕೆಕೊಹೆಯಲ್ಲೇ ಬೇರೆಯಾಗಿ ಹೇಳಿಕೊಡುತ್ತಿದ್ದರು. ನಾಟಕವನ್ನು ಇಡಿಯಾಗಿ ಯಾರ ಕೈಗೂ ಕೊಡಲಿಲ್ಲ. ವಾರಕ್ಕೊಂದು ತುಂಡು, ಅವರವರ ಮಾತು ಅವರವರಿಗೆ.

ಕಾರ್ಯಕ್ರಮ ನಡೆಸುವ ಕನ್ನಡ ಸಂಘದವರು ಸುಮ್ಮನಿರಲಿಲ್ಲ. ಊಟದ ಉಸ್ತುವಾರಿ ನೋಡಿಕೊಳ್ಳುವ ಒಬ್ಬರು ಮೈಸೂರಿನ ಆಂಟಿ ಇದ್ದಾರೆ. ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಒಂದು ಹರಳು ಉಪ್ಪು ಹೆಚ್ಚುಕಡಿಮೆ ಆಗದಂತೆ ಬಡಿಸಬಲ್ಲವರು. ಅವರು ಒಂದು ದಿನ ಗ್ಯಾರೇಜಿಗೇ ಬಂದು ಮೇಷ್ಟ್ರ ಎದುರು ನಿಂತರು.

"ಅಲ್ಲಾ ಸಾರ್, ಮಗ ಸತ್ತ ಅಂತ ಅತ್ಕೊಂಡು ಎದ್ದು ಬಂದೋರಿಗೆ ನಾನು ಹೋಳಿಗೆ ಹೇಗೆ ಬಡಿಸ್ಲಿ? ಹಬ್ಬದ ದಿನ ಅಲ್ವಾ?"

ಕೊನೆಗೆ ಒಪ್ಪಂದವಾಯಿತು. ನಾಟಕ ಮುಗಿದ ಕೂಡಲೇ ಎಲ್ಲರೂ ರಂಗದ ಮೇಲೆ ಬಂದು ಮಂಗಳ ಹಾಡಬೇಕು. ಸತ್ತ ರಾಜಕುಮಾರನೂ ಬರಬೇಕು, ಜೀವಂತವಾಗಿ, ನಗುನಗುತ್ತಾ. ನಮ್ಮಲ್ಲಿ ಆಟವನ್ನು ಸಾವಿನ ಮೇಲೆ ಬಿಡುವ ಪದ್ಧತಿ ಇಲ್ಲ ಎಂದು ಆಂಟಿ ಹಟ ಹಿಡಿದರು. ಗ್ರೀಕರೂ ಮೂರು ದುಃಖದ ನಾಟಕ ಆದಮೇಲೆ ಒಂದು ಪೋಲಿ ನಾಟಕ ಆಡಿ ಜನರನ್ನು ಮನೆಗೆ ಕಳಿಸುತ್ತಿದ್ದರು, ಆದ್ದರಿಂದ ತಮ್ಮ ಅಭ್ಯಂತರವಿಲ್ಲ ಎಂದು ಮೇಷ್ಟ್ರು ಹೇಳಿದರು. ಪೋಲಿ ಎಂಬ ಮಾತು ಕೇಳಿದ್ದೇ ಆಂಟಿ ಹೊರಟುಹೋದರು.

ಇಲ್ಲಿ ನನ್ನ ಗೆಳತಿಯ ವಿಷಯ ಹೇಳಬೇಕು. ನಾವಿಬ್ಬರೂ ಈ ದೇಶಕ್ಕೆ ಹೆಚ್ಚುಕಡಿಮೆ ಒಟ್ಟಿಗೇ ಬಂದವರು. ಮೊದಲ ಚಳಿಗಾಲವನ್ನು ನ್ಯೂ ಲಿನ್ ಬಡಾವಣೆಯ ಒಂದೇ ಮನೆಯ ಎರಡು ಕೋಣೆಗಳಲ್ಲಿ, ಒಂದೇ ಹೀಟರನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊತ್ತುಕೊಂಡು ಕಳೆದೆವು. ಅವಳ ಮಗ ಹುಟ್ಟಿದ್ದು ಅದೇ ಮನೆಯಲ್ಲಿದ್ದಾಗ. ಇಲ್ಲಿ ಹುಟ್ಟಿದ ಎಲ್ಲ ಮಕ್ಕಳಂತೆ ಅವನಿಗೂ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ನಾಟಕದ ವರ್ಷಕ್ಕೆ ಮೂರು ವರ್ಷ ಹಿಂದೆ, ಯೂನಿವರ್ಸಿಟಿಗೆ ಸೇರಿದ ಹೊಸದರಲ್ಲಿ, ಸ್ನೇಹಿತರ ಜೊತೆ ಪಶ್ಚಿಮದ ಕಪ್ಪು ಮರಳಿನ ಕಡಲಿಗೆ ಮೀನು ಹಿಡಿಯಲು ಹೋದ. ಬಂಡೆಯ ಮೇಲೆ ನಿಂತಿದ್ದಾಗ ಒಂದು ಅಲೆ ಬಂತು. ಉಳಿದವರು ಹಿಂದೆ ಸರಿದರು, ಇವನಿಗೆ ಆಗಲಿಲ್ಲ.

ಸುದ್ದಿ ಬಂದಾಗ ನಾನು ಅವಳ ಮನೆಯಲ್ಲಿದ್ದೆ. ಸಂಜೆ ಪೊಲೀಸ್ ಹೆಂಗಸೊಬ್ಬಳು ಒಂದು ಕಾಗದದ ಚೀಲ ತಂದುಕೊಟ್ಟಳು. ಒಳಗೆ ಅವನ ಶೂ. ಬಂಡೆ ಹತ್ತುವ ಮುಂಚೆ ಬಿಚ್ಚಿ, ಜೋಡಿಸಿ, ಸಾಕ್ಸನ್ನು ಮಡಚಿ ಒಳಗೆ ತುರುಕಿ, ಮೂತಿ ಹೊರಮುಖವಾಗಿ ಇಟ್ಟಿದ್ದನಂತೆ. ಮನೆ ಬಾಗಿಲಲ್ಲಿ ಬಿಡುವ ಹಾಗೆ ಬಿಟ್ಟಿದ್ದ ಎಂದು ಆ ಪೊಲೀಸಿನವಳೇ ಹೇಳಿದಳು. ಅಮ್ಮ ಕಲಿಸಿದ ಎಲ್ಲದರಲ್ಲಿ ಅವನಿಗೆ ಅಂಟಿದ್ದು ಅದೊಂದೇ, ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡುವುದು. ಅವಳ ಗಂಡ ಇನ್ನೂ ಕಡಲ ಬಳಿಯೇ ಇದ್ದ, ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಅದನ್ನು ಹೊರಗೆ ಹೇಳಿದ್ದು ಒಬ್ಬರಿಗೆ, ನನ್ನ ಗಂಡನಿಗೆ.

ಆ ವರ್ಷವೇ ಗೆಳತಿಯ ಗಂಡ ಕಡಲಾಚೆಯ ಪರ್ತ್‌ನಲ್ಲಿ ಕೆಲಸ ಹುಡುಕಿಕೊಂಡು ಹೋದ. ಅವಳು ಹೋಗಲಿಲ್ಲ. ಜನ ಮೊದಲ ಕೆಲವು ವಾರ ಡಬ್ಬಿ ಡಬ್ಬಿ ಅಡುಗೆ ತಂದುಕೊಟ್ಟರು. ಆಮೇಲೆ ಅವಳನ್ನು ಕಂಡರೆ ಹವೆಯ ಮಾತು, ಮನೆಗಳ ಬೆಲೆಯ ಮಾತು, ಮೋಟರ್‌ವೇ ರಿಪೇರಿಯ ಮಾತು. ಅವಳ ಮುಂದೆ ಯಾರೂ ತಮ್ಮ ಮಕ್ಕಳ ಸುದ್ದಿ ಎತ್ತುತ್ತಿರಲಿಲ್ಲ. ಅವಳ ಮಗನ ಹೆಸರನ್ನಂತೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ, ನೋಯಿಸಬೇಕೆಂದಲ್ಲ.

ಹೀಗಿರುವಾಗ ಒಂದು ಭಾನುವಾರ ನಾನು ಒಗೆದ ಬಟ್ಟೆ ತೆಗೆದುಕೊಳ್ಳಲು ಗ್ಯಾರೇಜಿಗೆ ಹೋದೆ. ನನ್ನ ಗಂಡ ದೂತನ ಮಾತು ಹೇಳುತ್ತಿದ್ದ.

"ಬಂಡೆಯ ಕೆಳಗೆ ಅವನ ಪಾದರಕ್ಷೆಗಳನ್ನು ಕಂಡೆ, ತಾಯಿ. ಜೋಡಿಸಿ ಇಟ್ಟಿದ್ದ. ಅರಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ ಬಿಟ್ಟಿದ್ದ. ಕಡಲನ್ನೂ ಯಾರದೋ ಮನೆ ಎಂದುಕೊಂಡನೋ ಏನೋ."

ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದೆ. ಸಿಟ್ಟು ನೆತ್ತಿಗೇರಿತ್ತು. ಕೆಟಲ್ ಮುಚ್ಚಳದಂಥ ವಿವರ ಇದು. ಕೂತು ಕಲ್ಪಿಸಿ ಬರೆಯುವ ಮಾತಲ್ಲ. ಯಾರೋ ಕೊಟ್ಟದ್ದು. ಯಾರು ಕೊಟ್ಟರು ಎನ್ನುವುದಕ್ಕೆ ನನಗೆ ತನಿಖೆಯೇ ಬೇಕಿರಲಿಲ್ಲ.

ಎಲ್ಲರೂ ಹೋದಮೇಲೆ ಅಡುಗೆಮನೆಯಲ್ಲಿ ಗಂಡನನ್ನು ಹಿಡಿದೆ.

"ಶೂ ವಿಷ್ಯ ಮೇಷ್ಟ್ರಿಗೆ ಯಾರು ಹೇಳಿದ್ದು?"

"ನಾನಲ್ಲ ಕಣೇ. ಆ ಮಾತು ಓದಿದಾಗ ನನಗೂ ಎದೆ ಧಸಕ್ ಅಂತು."

"ಹಾಗಾದ್ರೆ ಆಗ್ಲೇ ಯಾಕೆ ಹೇಳ್ಲಿಲ್ಲ ನನಗೆ?"

"ನೀನು ಹೀಗೆ ಕೇಳ್ತೀಯ ಅಂತ."

"ಒಂದೊಳ್ಳೆ ಪಾರ್ಟ್ ಸಿಗತ್ತೆ ಅಂತ ಅವಳ ಸಂಕಟ ತಗೊಂಡೋಗಿ ಕೊಟ್ರಾ?"

ಅವನು ಲೋಟ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. "ನೋಡು, ನಿನ್ನ ಆಫೀಸಿನ ಕಣ್ಣಲ್ಲಿ ನನ್ನ ನೋಡ್ಬೇಡ. ನಾನು ಹೇಳಿಲ್ಲ ಅಂದ್ರೆ ಹೇಳಿಲ್ಲ."

ನಾನು ನಂಬಲಿಲ್ಲ. ಆ ವಾರವಿಡೀ ಮನೆಯಲ್ಲಿ ಉಪ್ಪು ಎಲ್ಲಿ, ಕಾರಿನ ಕೀ ಎಲ್ಲಿ ಎನ್ನುವುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಅವನು ಹಿತ್ತಲಲ್ಲಿ ದೂತನ ಮಾತು ಗುನುಗುತ್ತಾ ಕಣ್ಣೊರೆಸಿಕೊಳ್ಳುವುದು ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಎಂಥ ಸುದ್ದಿ ಬಂದಾಗಲೂ ಹನಿ ಉದುರಿಸದವನು ಪಾತ್ರಕ್ಕಾಗಿ ಅಳುತ್ತಿದ್ದಾನಲ್ಲ ಎಂದು ನನ್ನ ಅನುಮಾನ ಇನ್ನಷ್ಟು ಬಲಿಯಿತು. ಆ ಗ್ರೀಕ್ ಗುರು ಹೇಳಿದ್ದು ಸರಿ, ಇಂಥವರನ್ನು ಊರ ಹೊರಗೆ ಕಳಿಸಬೇಕು.

ಮುಂದಿನ ಭಾನುವಾರ ಮೇಷ್ಟ್ರನ್ನು ಕರೆತರಲು ನಾನೇ ಹೋದೆ. ಅವರು ಮೆಂತ್ಯಕ್ಕೆ ನೀರು ಹಾಕುತ್ತಿದ್ದರು.

"ಮೇಷ್ಟ್ರೇ, ಆ ಪಾದರಕ್ಷೆ ಮಾತು ನಿಮಗೆ ಎಲ್ಲಿಂದ ಬಂತು?"

ಅವರು ನನ್ನನ್ನು ನೋಡಲಿಲ್ಲ. ನೀರಿನ ಪೈಪನ್ನು ಇನ್ನೊಂದು ಸಾಲಿಗೆ ತಿರುಗಿಸಿದರು.

"ಕಥಿ ಎಲ್ಲಿಂದ ಬಂತು ಅಂತ ಕೇಳಬ್ಯಾಡ ತಂಗಿ. ಹೇಳಾಕ ಬರೂದಿಲ್ಲ."

"ಅದು ಒಬ್ಬ ತಾಯಿಯ ವಿಷಯ. ಅವಳು ಅಲ್ಲಿ ಬಂದು ಕೂತರೆ ಏನಾಗತ್ತೆ ಗೊತ್ತಾ? ನಿಮ್ಮ ಗ್ರೀಕರೇ ದಂಡ ಹಾಕಿದ್ರು ಅಂದ್ರಲ್ಲ."

"ಗೊತ್ತದ. ನಾ ಭಾಳ ವಿಚಾರ ಮಾಡೀನಿ. ಇದಕ್ಕಿಂತ ಹೆಚ್ಚ ಕೇಳಬ್ಯಾಡ," ಎಂದರು. ಮುಖದಲ್ಲಿ ಕಳ್ಳತನವಿರಲಿಲ್ಲ. ಆದರೆ ಏನೋ ಬಚ್ಚಿಟ್ಟವರ ಮುಖ ಅದು, ಅಷ್ಟು ನನಗೆ ತಿಳಿಯುತ್ತದೆ. ಕಾರಿನಲ್ಲಿ ಇಬ್ಬರೂ ರೇಡಿಯೋ ಕೇಳಿಕೊಂಡು ಬಂದೆವು.

ಉಳಿದದ್ದು ಒಂದೇ ದಾರಿ, ಗೆಳತಿಯನ್ನು ನಾಟಕದಿಂದ ದೂರ ಇಡುವುದು. ಶನಿವಾರ ಸಂಜೆ ಕಾರ್ಯಕ್ರಮ. ಗುರುವಾರವೇ ಅವಳಿಗೆ ಫೋನ್ ಮಾಡಿ, ನನಗೂ ಈ ಗದ್ದಲ ಸಾಕಾಗಿದೆ, ಆವತ್ತು ಇಬ್ಬರೂ ಎಲ್ಲಾದರೂ ಬಿಸಿನೀರಿನ ಕೊಳಕ್ಕೆ ಹೋಗೋಣ ಎಂದೆ.

"ಇಲ್ಲ ಕಣೇ. ನಾಟಕಕ್ಕೆ ಬರ್ತೀನಿ," ಎಂದಳು. ಮೂರು ವರ್ಷದಿಂದ ಯಾವ ಕಾರ್ಯಕ್ರಮಕ್ಕೂ ಕಾಲಿಡದವಳು.

"ಈ ಸಲದ್ದು ಚೆನ್ನಾಗಿಲ್ವೇ. ಬರೀ ಅಳು."

"ಗೊತ್ತು."

"ನಿನಗೆ ಹೇಗ್ ಹೇಳ್ಲಿ... ಅದ್ರಲ್ಲಿ ಕಡಲು, ಮಗ ಎಲ್ಲ ಇದೆ ಕಣೇ."

"ಗೊತ್ತು ಅಂದ್ನಲ್ಲ. ನನಗೆ ಸೈಡಲ್ಲಿ ಒಂದು ಸೀಟ್ ಹಿಡಿ. ಮುಂದೆ ಬೇಡ. ಜನ ಕಾಣೋ ಹಾಗಿರ್ಲಿ."

ರಂಗ ಕಾಣುವ ಹಾಗೆ ಎನ್ನಬೇಕಿತ್ತು, ಆತಂಕದಲ್ಲಿ ಏನೋ ಅಂದಳು ಎಂದುಕೊಂಡೆ.

ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ ತುಂಬಿತ್ತು. ಹಳದಿ ಕೆಂಪು ಶಾಲು ಹೊದ್ದವರು, ಹಿಂದಿನ ಗೋಡೆಗೆ ಒರಗಿ ಫೋನ್ ನೋಡುತ್ತಿದ್ದ ಹದಿಹರೆಯದವರು, ಅಡುಗೆಮನೆಯಿಂದ ತುಪ್ಪದ ವಾಸನೆ. ಗೆಳತಿಯನ್ನು ಬಲಗಡೆಯ ಗೋಡೆ ಪಕ್ಕ ಕೂರಿಸಿ ನಾನು ಒತ್ತಿಕೊಂಡು ಕೂತೆ. ಅವಳಿಗೆ ಸಂಕಟವಾದರೆ ಎಬ್ಬಿಸಿಕೊಂಡು ಹೋಗಲು ಬಾಗಿಲು ಹತ್ತಿರವಿರುವ ಜಾಗ ನೋಡಿದ್ದೆ.

ನಾಟಕ ಶುರುವಾಯಿತು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವ ಮಂದಿ ಬಿಳಿ ಪಂಚೆ ಹೊದ್ದು ಮೇಳವಾಗಿ ನಿಂತದ್ದನ್ನು ಕಂಡು ಮೊದಲು ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ನಿಂತಿತು. ನನ್ನ ಗಂಡ ಬಂದ. ಪಾದರಕ್ಷೆಯ ಮಾತು ಹೇಳಿದ. ನಾನು ಗೆಳತಿಯ ಕೈ ಹಿಡಿದೆ. ಅದು ಬೆಚ್ಚಗಿತ್ತು, ನಡುಗುತ್ತಿರಲಿಲ್ಲ. ತಿರುಗಿ ನೋಡಿದರೆ ಅವಳು ರಂಗವನ್ನೇ ನೋಡುತ್ತಿರಲಿಲ್ಲ. ಸಾಲು ಸಾಲಾಗಿ ಕೂತ ಜನರ ಮುಖಗಳನ್ನು ನೋಡುತ್ತಿದ್ದಳು, ಒಂದಾದ ಮೇಲೊಂದು, ನಾನು ಆಫೀಸಿನಲ್ಲಿ ಫೋಟೋಗಳನ್ನು ನೋಡುವ ಹಾಗೆ.

ಆಗ ರಾಣಿ ಎದ್ದು ನಿಂತಳು. ಆ ಡಾಕ್ಟರ್ ಹುಡುಗಿಯ ಮಾತನ್ನು ನಾವು ಯಾರೂ ಮೊದಲು ಕೇಳಿರಲಿಲ್ಲ. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಅವನಿಗೆ ಎಚ್ಚರವಾಗಿರಲಿಲ್ಲ. ಹೊದಿಕೆ ಎಳೆದುಕೊಂಡು ಮಲಗಿದ್ದ. ಜೊತೆಗಾರರು ಹೊರಡುವ ಹೊತ್ತಾಗಿತ್ತು. ನಾನೇ ಹೋಗಿ ಭುಜ ಅಲುಗಿಸಿದೆ. ಏಳು, ತಡವಾಯಿತು ಎಂದೆ. ಎಬ್ಬಿಸಿದ್ದು ನಾನು. ಮಲಗಿರಲಿ ಎಂದು ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಹಸಿವು ಎಂದುಕೊಂಡು ಬರುತ್ತಿದ್ದ. ಹೇಳಿ, ಊರಿನವರೇ, ನಾನು ಯಾರಿಗೆ ಶಿಕ್ಷೆ ಕೊಡಲಿ?"

ಮೇಳದವರು ಉತ್ತರಿಸಬೇಕಿತ್ತು. ಮೇಷ್ಟ್ರು ಅವರಿಗೆ ಉತ್ತರ ಬರೆದುಕೊಟ್ಟಿರಲಿಲ್ಲ. ಸುಮ್ಮನೆ ನಿಂತಿರಿ ಎಂದಿದ್ದರಂತೆ. ಆ ಮೌನದಲ್ಲಿ ಜನರ ನಡುವಿನಿಂದ ಒಂದು ಬಿಕ್ಕು ಕೇಳಿತು, ಆಮೇಲೆ ಇನ್ನೊಂದು. ಹೋಳಿಗೆ ಬಡಿಸಲು ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದ ಆಂಟಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದರು. "ಅಯ್ಯೋ, ಅವಳದೇನು ತಪ್ಪು ಪಾಪ," ಎಂದು ನನ್ನ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಗೆಳತಿಯ ಬೆರಳುಗಳು ನನ್ನ ಕೈಯನ್ನು ನೋಯುವಷ್ಟು ಹಿಸುಕಿದವು.

ಆಗ ನನಗೆ ಗೊತ್ತಾಯಿತು. ಮೇಷ್ಟ್ರು ಕದ್ದಿರಲಿಲ್ಲ, ನನ್ನ ಗಂಡ ಕೊಟ್ಟಿರಲಿಲ್ಲ. ಶೂ ವಿಷಯ ಮೂವರಿಗೆ ಗೊತ್ತಿತ್ತು. ಎಬ್ಬಿಸಿದ ವಿಷಯ ನನಗೂ ಗೊತ್ತಿರಲಿಲ್ಲ. ಅದು ಒಬ್ಬಳ ಹತ್ತಿರ ಬಿಟ್ಟು ಬೇರೆಲ್ಲಿಂದಲೂ ಬರಲು ಸಾಧ್ಯವಿರಲಿಲ್ಲ.

ಮಂಗಳ ಹಾಡಿದರು. ಸತ್ತ ರಾಜಕುಮಾರ ನಗುನಗುತ್ತಾ ಬಂದು ನಿಂತ. ಜನ ಎದ್ದು ಚಪ್ಪಾಳೆ ತಟ್ಟಿದರು, ಮೂಗು ಒರೆಸಿಕೊಂಡು ಊಟದ ಸಾಲಿಗೆ ಹೋದರು, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಕೇಳಿದರು. ಗೆಳತಿ ರಾಜಕುಮಾರನನ್ನು ಮಾತ್ರ ನೋಡಲಾರದೆ ಗೋಡೆ ಕಡೆ ತಿರುಗಿ ನಿಂತಿದ್ದಳು. ನಾವು ಊಟಕ್ಕೆ ನಿಲ್ಲದೆ ಕಾರಿಗೆ ಬಂದೆವು. ಇಲ್ಲಿ ನವೆಂಬರ್ ಎಂದರೆ ಬೇಸಗೆಯ ಹೊಸ್ತಿಲು, ಹೊರಗೆ ಇನ್ನೂ ಬೆಳಕಿತ್ತು.

"ನೀನೇ ಹೇಳಿದ್ದಾ ಮೇಷ್ಟ್ರಿಗೆ?"

"ಹ್ಞೂಂ. ಸೊಪ್ಪು ತರೋಕೆ ಹೋಗಿದ್ದೆ ಒಂದಿನ. ಅವ್ರಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ. ಮಕ್ಕಳೆಷ್ಟವ್ವಾ ಅಂತ ಕೇಳಿದ್ರು. ಮೂರು ವರ್ಷದಲ್ಲಿ ಮೊದಲ್ನೇ ಸಲ ಒಬ್ರು ಕೇಳಿದ್ದು. ಎಲ್ಲ ಹೇಳ್ಬಿಟ್ಟೆ. ಆಮೇಲೆ ನಾನೇ ಹೋಗಿ ನಾಟಕ ಮಾಡಿ ಅಂದೆ. ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡೆ."

"ಯಾಕೆ?"

ಅವಳು ಸೀಟ್ ಬೆಲ್ಟ್ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡು ಕೂತಿದ್ದಳು.

"ಆವತ್ತು ಅವನ ಅಲಾರಂ ಹೊಡೀಲಿಲ್ಲ. ಎಬ್ಬಿಸಿದ್ದು ನಾನೇ. ಅವರಪ್ಪನಿಗೆ ಹೇಳಿದೆ. ಅವರು ಏನೂ ಅನ್ಲಿಲ್ಲ. ಪರ್ತ್‌ಗೆ ಹೋದ್ರು. ಗೊತ್ತಾದ್ರೆ ಜನ ಏನಂತಾರೆ ಅಂತ ತಿಳ್ಕೋಬೇಕಿತ್ತು. ನನ್ ಮುಖ ನೋಡ್ಕೊಂಡು ಹೇಳಿದ್ರೆ ಸಮಾಧಾನದ ಮಾತು ಹೇಳ್ತಾರೆ, ನಾನು ನಂಬಲ್ಲ. ಅದಕ್ಕೇ ಬೇರೆಯವಳ ಕಥೆ ಅಂದ್ಕೊಂಡು ನೋಡ್ಲಿ ಅಂದೆ. ಬೈತಾರಾ ಅಳ್ತಾರಾ ನೋಡೋಣ ಅಂತ."

ನಾನು ಜನ್ಮವಿಡೀ ಮಾಡಿದ ತನಿಖೆಗಳಲ್ಲಿ ಇಷ್ಟು ಪಕ್ಕಾ ತನಿಖೆ ಒಂದೂ ಇರಲಿಲ್ಲ. ಅನುಮಾನದಲ್ಲಿ ಅವಳು ನನ್ನನ್ನೂ ಮೀರಿಸಿದ್ದಳು. ನನಗೆ ಅಳು ಬಂತು. ಅಳುವವರನ್ನು ನಂಬದ ನಾನು ಸ್ಟಿಯರಿಂಗ್ ಹಿಡಿದುಕೊಂಡು ಹೋ ಎಂದು ಅತ್ತೆ. ಅವಳು ಅಳಲಿಲ್ಲ.

"ರಾಣಿಗೆ ಅತ್ರು," ಎಂದಳು ಆಮೇಲೆ. "ನನಗೂ ಅಳ್ತಾರಾ?"

ಹೌದು ಎನ್ನುವುದು ಸುಲಭವಿತ್ತು. ಆದರೆ ತಪ್ಪನ್ನು ಪಾಪವೆಂದು ಎಣಿಸದೆ ಕತ್ತಲಲ್ಲಿ ಕನಿಕರ ತೋರುವ ಜನ, ದೀಪ ಹಾಕಿದ ಮೇಲೆ ಹೇಗಿರುತ್ತಾರೆಂದು ಆ ತತ್ವಜ್ಞಾನಿಯೂ ಹೇಳಿಲ್ಲ. ನಾಟಕ ಮಂದಿಯ ಮನಸ್ಸು ತೊಳೆಯುತ್ತದೆ ಎಂದನಂತೆ ಅವನು. ತೊಳೆದು ಹೋದಮೇಲೆ ಅಲ್ಲಿ ಏನು ಉಳಿಯುತ್ತದೆ? ಹರಳೆಣ್ಣೆ ಕುಡಿದ ಮರುದಿನ ನಾವು ಮಕ್ಕಳೆಲ್ಲ ಮತ್ತೆ ಅದೇ ಮಾವಿನಕಾಯಿಗೆ ಕಲ್ಲು ಹೊಡೆಯುತ್ತಿದ್ದೆವು.

"ಗೊತ್ತಿಲ್ವೇ," ಎಂದೆ. "ಬೇರೆಯವರ ವಿಷ್ಯ ನನಗೆ ಗೊತ್ತಿಲ್ಲ."

ಮನೆಗೆ ಬಂದು ಗಂಡನ ಮುಂದೆ ತಲೆ ತಗ್ಗಿಸಬೇಕಾಯಿತು. ಅವನು ಮುಖದ ಬಣ್ಣ ಒರೆಸಿಕೊಳ್ಳುತ್ತಾ, "ಸರಿ ಬಿಡು, ಕೇಸ್ ಕ್ಲೋಸ್ ಮಾಡು," ಎಂದು ಅಷ್ಟಕ್ಕೇ ಬಿಟ್ಟ. ಅವನ ಕಣ್ಣೀರು ಪಾತ್ರಕ್ಕಾಗಿತ್ತೋ ಆ ಹುಡುಗನಿಗಾಗಿತ್ತೋ ಎಂದು ನಾನು ಕೇಳಲಿಲ್ಲ. ಅವನ ಪಕ್ಕ ಕೂತು ಬಣ್ಣ ಒರೆಸಲು ಸಹಾಯ ಮಾಡಿದೆ.

ಮುಂದಿನ ವಾರ ಮೇಷ್ಟ್ರು ನಾಟಕದವರನ್ನೆಲ್ಲ ಪುಕೆಕೊಹೆಗೆ ಊಟಕ್ಕೆ ಕರೆದರು. ಗೆಳತಿಯೂ ಬಂದಳು. ಗಂಡಸರು ಹಿತ್ತಲಲ್ಲಿ ಹರಟೆ ಹೊಡೆಯುತ್ತಿದ್ದರು. ನಾವು ಹೆಂಗಸರು ಜಗಲಿಯಲ್ಲಿ ಪತ್ರಿಕೆ ಹಾಸಿಕೊಂಡು ಮೆಂತ್ಯ ಸೋಸಲು ಕೂತೆವು. ಊಟದ ಉಸ್ತುವಾರಿಯ ಆಂಟಿ ನನ್ನ ಎದುರಿಗಿದ್ದರು. ಗೆಳತಿಯನ್ನು ಕಂಡ ಕೂಡಲೇ ಅವರು ಎಂದಿನಂತೆ ಶುರು ಮಾಡಿದರು: ಈ ವರ್ಷ ಬೇಸಗೆ ತಡ ಅಲ್ವಾ, ಗಾಳಿ ನೋಡಿ ಹೇಗಿದೆ. ನನಗೆ ಒಳಗೇ ನಗು ಬಂತು, ಕಹಿ ನಗು. ನೋಡು, ಇಷ್ಟೇ ಇವರ ಕಣ್ಣೀರು ಎಂದುಕೊಂಡೆ.

ಗೆಳತಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಆಂಟಿ, ನಾಟಕದಲ್ಲಿ ರಾಣಿ ಮಗನ್ನ ಎಬ್ಬಿಸ್ತಾಳಲ್ಲ. ಅದು ನಾನು. ನನ್ನ ಮಗನ್ನ ಆವತ್ತು ನಾನೇ ಎಬ್ಬಿಸಿದ್ದು."

ಎಲ್ಲರ ಕೈ ನಿಂತಿತು. ಆಂಟಿ ತಲೆ ತಗ್ಗಿಸಿ ಮೆಂತ್ಯದ ಕಡ್ಡಿಯನ್ನೇ ನೋಡುತ್ತಿದ್ದರು. ಈಗ ಇವರು ಹೋಳಿಗೆಯ ಮಾತು ಎತ್ತುತ್ತಾರೆ, ಇಲ್ಲವೇ ನೀರು ಕುಡಿದು ಬರ್ತೀನಿ ಎಂದು ಎದ್ದುಹೋಗುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಎದ್ದರೆ ಸೆರಗು ಹಿಡಿದು ಕೂರಿಸಬೇಕೆಂದೂ ಯೋಚಿಸಿದೆ.

ಅವರು ಏಳಲಿಲ್ಲ. ತಲೆ ಎತ್ತಿ ಮೆಲ್ಲಗೆ ಹೇಳಿದರು.

"ಎಬ್ಬಿಸ್ದೇ ಇದ್ದಿದ್ರೆ ನಿಮ್ ಮೇಲೆ ರೇಗ್ತಿದ್ದ, ಅಲ್ವಾ?"

ಆ ಮಾತಿನಲ್ಲಿ ಸಮಾಧಾನವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಮಕ್ಕಳನ್ನು ಎಬ್ಬಿಸಿ ಬೈಸಿಕೊಂಡ, ಎಬ್ಬಿಸದೆಯೂ ಬೈಸಿಕೊಂಡ ಇನ್ನೊಬ್ಬ ತಾಯಿಯ ಮಾತು ಅಷ್ಟೇ. ಅದನ್ನು ಅನುಮಾನಿಸಲು ನನಗೂ ಎಲ್ಲೂ ಸಂದು ಸಿಗಲಿಲ್ಲ.

"ರೇಗ್ತಿದ್ದ ಆಂಟಿ," ಎಂದಳು ಗೆಳತಿ. "ಅದಕ್ಕಿಂತ ಹಿಂದಿನ ಸಲ ಎಬ್ಬಿಸ್ಲಿಲ್ಲ ಅಂತ ಇಡೀ ದಿನ ನನ್ ಜೊತೆ ಮಾತೇ ಆಡಿರ್ಲಿಲ್ಲ. ರಾತ್ರಿ ದೋಸೆ ಹಾಕಿ ಕೊಟ್ಟ ಮೇಲೇ ಸರಿಹೋಗಿದ್ದು."

"ಎಷ್ಟು ದೋಸೆ ತಿಂತಿದ್ದ?" ಎಂದು ಆಂಟಿ ಕೇಳಿದರು.

ಗೆಳತಿ ಬಾಯಿಬಿಟ್ಟು ಅವನ ಹೆಸರು ಹೇಳಿದಳು. ಅವನು ಎಷ್ಟು ತಿನ್ನುತ್ತಿದ್ದ, ಹೇಗೆ ತಿನ್ನುತ್ತಿದ್ದ ಎಂದು ಹೇಳತೊಡಗಿದಳು, ಅಳುತ್ತಾ, ನಡುನಡುವೆ ನಗುತ್ತಾ. ಆಂಟಿಯೂ ಅದೇ ಹೆಸರು ಹಿಡಿದು ಇನ್ನೊಂದು ಪ್ರಶ್ನೆ ಕೇಳಿದರು. ನಾನು ಅವಳ ಪಾಲಿನ ಸೊಪ್ಪನ್ನೂ ನನ್ನ ಮಡಿಲಿಗೆ ಎಳೆದುಕೊಂಡು ಸೋಸುತ್ತಾ ಕೂತೆ.